ಕಾಡಿನ ಏಕಾಂತವಾಸಿಯ ಭೇಟಿಯನ್ನು ಹೆಣೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಗಳಲ್ಲಿ ಮೇಜಿನ ಸುತ್ತ ಕುಳಿತು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ಆಡುವವರು, ಅದರಲ್ಲೂ ಹೊಸದಾಗಿ ಆಟ ನಡೆಸಲು ಕುಳಿತವರು, ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಈ ಆಟದಲ್ಲಿ ಒಬ್ಬರು ಕಥೆಯ ಲೋಕವನ್ನೂ ಅದರಲ್ಲಿ ಎದುರಾಗುವವರನ್ನೂ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ತಂಡ ಕಟ್ಟಿಕೊಂಡು ಸಾಗುತ್ತಾರೆ, ಸಂದಿಗ್ಧ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಲಾಗಿದೆ. ನಿಯಮದ ಲೆಕ್ಕ ಬಂದಲ್ಲೆಲ್ಲ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ 2014ರ ಐದನೆಯ ಆವೃತ್ತಿಯನ್ನು ಆಧಾರವಾಗಿ ಇಟ್ಟುಕೊಂಡಿದೆ. ಬೇರೆ ಆಟ ಆಡುವವರು ಅಂಕಿಗಳನ್ನಷ್ಟೇ ಬದಲಾಯಿಸಿಕೊಂಡರೆ ಸಾಕು.

## ಮೊದಲ ಸಲ ಹೆಣೆಯುವವರಿಗೆ

ನಮ್ಮ ಆಟದಲ್ಲಿ ಕಾಡಿನ ಮುನಿ ಒಬ್ಬ ಸಿಗಬೇಕು ಅಂತ ಆಸೆ ಉಂಟು. ಎಲ್ಲಿಂದ ಶುರು ಮಾಡುವುದು?

ಆತ ಬಿಟ್ಟುಬಂದ ಬದುಕಿನಿಂದ ಶುರು ಮಾಡಿ. ಊರು, ಮನೆ, ಕಸುಬು ಎಲ್ಲವನ್ನೂ ಬಿಟ್ಟು ಒಬ್ಬ ಮನುಷ್ಯ ಗುಡ್ಡ ಹತ್ತಿದ್ದಾನೆಂದರೆ ಅದರ ಹಿಂದೆ ಒಂದು ಘಟನೆ ಇರುತ್ತದೆ. ಅದನ್ನು ಎರಡು ಸಾಲಿನಲ್ಲಿ ಬರೆದಿಡುವ ಮೊದಲು ಗುಹೆಯ ನಕ್ಷೆ, ಗಡ್ಡದ ಉದ್ದ, ಕೈಯ ದಂಡ ಇವುಗಳಿಗೆ ಕೈ ಹಾಕಬಾರದು. ಅದರ ಬೆನ್ನಿಗೇ ಇನ್ನೆರಡು ಸಂಗತಿಗಳು ನಿಶ್ಚಯವಾಗಬೇಕು. ಆತನಿಗೆ ಈಗ ಏನು ಬೇಕಾಗಿದೆ ಎಂಬುದು ಒಂದು. ಆಟಗಾರರ ತಂಡ ಇತ್ತ ಸುಳಿಯದೇ ಹೋಗಿದ್ದರೆ ಆತ ನಾಳೆ ಏನು ಮಾಡುತ್ತಿದ್ದ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಇಲ್ಲದ ಮುನಿ ತಂಡಕ್ಕಾಗಿಯೇ ಕಾದು ಕುಳಿತ ಮಾಹಿತಿ ಕೌಂಟರ್ ಆಗುತ್ತಾನೆ, ಮತ್ತು ಆಟಗಾರರು ಅದನ್ನು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ.

ಮುಂದಿನ ಉತ್ತರಗಳಲ್ಲಿ ಆಗಾಗ ಬರುವ ಒಂದು ಉದಾಹರಣೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಒಬ್ಬ ಮೇಸ್ತ್ರಿ, ರಾಜನೊಬ್ಬನ ಕೋಟೆಗೆ ನೀರು ತರುವ ಗುಪ್ತ ಸುರಂಗ ತೋಡಿದವ. ಕೆಲಸ ಮುಗಿದ ದಿನ, ಗುಟ್ಟು ಹೊರಗೆ ಹೋಗಬಾರದೆಂದು ರಾಜ ಸುರಂಗದ ಬಾಯನ್ನು ಕೆಲಸದವರು ಒಳಗಿರುವಾಗಲೇ ಮುಚ್ಚಿಸಿದ. ಮುಚ್ಚಲು ಕಲ್ಲು ಇಟ್ಟವನು ಈ ಮೇಸ್ತ್ರಿಯೇ. ಈಗ ಅವನು ಗುಡ್ಡದಲ್ಲಿ ಒಬ್ಬನೇ ಇದ್ದು, ಯಾರಿಗೂ ಬೇಡದ ಒಂದು ಸುರಂಗವನ್ನು ತೋಡುತ್ತಿದ್ದಾನೆ. ತಂಡಕ್ಕೆ ಆ ಕೋಟೆಯೊಳಗೆ ನುಗ್ಗುವ ದಾರಿ ಬೇಕು. ಇಷ್ಟಾದರೆ ಭೇಟಿಯ ಅಸ್ಥಿಪಂಜರ ಸಿದ್ಧವಾಯಿತು.

ನಿಗೂಢ ಅಂದರೆ ಅವನ ಬಗ್ಗೆ ನನಗೂ ಪೂರ್ತಿ ಗೊತ್ತಿರಬಾರದು, ಅಲ್ವಾ? ಆಡುತ್ತ ಹೋದ ಹಾಗೆ ತನ್ನಷ್ಟಕ್ಕೆ ಗೊತ್ತಾಗಬೇಕಲ್ಲ?

ನಿಮಗೆ ಗೊತ್ತಿರಲೇಬೇಕು. ಆಟ ನಡೆಸುವವರಿಗೇ ಉತ್ತರ ತಿಳಿಯದಿದ್ದಾಗ ಮುನಿಯ ಮಾತು ಮೊದಲ ಹತ್ತು ನಿಮಿಷ ಗಂಭೀರವಾಗಿ ಕೇಳಿಸಿ, ಆಮೇಲೆ ಒಂದಕ್ಕೊಂದು ಹೊಂದದೆ ಹೋಗುತ್ತದೆ. ಮೇಲಿನ ಮೇಸ್ತ್ರಿ ಏನನ್ನು ಮುಚ್ಚಿಡುತ್ತಿದ್ದಾನೆಂದು ನಿಮಗೆ ತಿಳಿದಿದ್ದರೆ, "ಕಲ್ಲು ಇಡುವುದು ಸುಲಭ" ಎಂದು ಅವನು ತಟ್ಟನೆ ಮಾತು ನಿಲ್ಲಿಸುವ ಜಾಗವೂ ನಿಮಗೆ ತಿಳಿಯುತ್ತದೆ. ಆಡುತ್ತ ಹೊಸ ವಿವರಗಳು ಸೇರಿಕೊಳ್ಳಲಿ, ಅದಕ್ಕೆ ಅಡ್ಡಿಯಿಲ್ಲ. ಬುಡದ ಕಾರಣ ಮಾತ್ರ ಅಲುಗಾಡಬಾರದು.

ಮುನಿ ಅಂದರೆ ಗಡ್ಡ ಬಿಟ್ಟ ಮುದುಕನೇ ಆಗಬೇಕಾ? ಎಲ್ಲರೂ ಅದನ್ನೇ ಮಾಡುತ್ತಾರೆ.

ಬೇಕಾಗಿಲ್ಲ. ಗಡ್ಡದ ಮುದುಕ ಬಂದ ಕೂಡಲೇ ಆಟಗಾರರು "ಇವನಿಗೆ ಎಲ್ಲ ಗೊತ್ತು" ಎಂದು ತೀರ್ಮಾನಿಸಿ ಪ್ರಶ್ನೆಗಳ ಪಟ್ಟಿ ತೆಗೆಯುತ್ತಾರೆ, ಆದ್ದರಿಂದ ಆ ವೇಷವೇ ನಿಗೂಢತೆಯನ್ನು ಅರ್ಧ ತಿಂದುಬಿಡುತ್ತದೆ. ನಮ್ಮ ಸುತ್ತಲಿನ ಪರಂಪರೆಗಳಲ್ಲೇ ಬೇರೆ ಬೇರೆ ಬಗೆಯ ಒಂಟಿಗರಿದ್ದಾರೆ: ಗುಡ್ಡದ ಮೇಲಿನ ದರ್ಗಾದ ಬಳಿ ನೆಲೆಸಿದ ಫಕೀರ, ಊರೂರು ಅಲೆಯುವ ಅವಧೂತ, ನಾಥಪಂಥದ ಜೋಗಿ, ಮನೆಯವರ ಮೇಲಿನ ಮುನಿಸಿಗೆ ತೋಟದ ಕೊನೆಯ ಬಿಡಾರದಲ್ಲಿ ಒಬ್ಬಳೇ ಇರುವ ಅಜ್ಜಿ.

ಆಟಕ್ಕೆ ಅತ್ಯಂತ ಉಪಯೋಗಕ್ಕೆ ಬರುವ ಮಾದರಿ ಜೈನ ಮುನಿಗಳದ್ದು ಎಂದು ನನಗೆ ಅನ್ನಿಸುತ್ತದೆ. ಅವರು ವರ್ಷದ ಉಳಿದ ಕಾಲ ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ, ಮಳೆಗಾಲದ ಚಾತುರ್ಮಾಸ್ಯದಲ್ಲಿ ಮಾತ್ರ ಒಂದೆಡೆ ನಿಲ್ಲುತ್ತಾರೆ. ಇದೇ ಪದ್ಧತಿಯನ್ನು ನಿಮ್ಮ ಕಲ್ಪಿತ ಲೋಕದ ಒಬ್ಬ ಸಾಧಕಿಗೆ ಕೊಟ್ಟರೆ, ಆಕೆ ನಾಲ್ಕು ತಿಂಗಳು ಮಾತ್ರ ಈ ಗುಡ್ಡದಲ್ಲಿ ಸಿಗುತ್ತಾಳೆ. ಮಳೆ ನಿಂತರೆ ಹೊರಟುಹೋಗುತ್ತಾಳೆ. ಗಡುವನ್ನು ಬೇರೆಯಾಗಿ ಹೊಸೆಯಬೇಕಾಗಿಲ್ಲ, ಹವಾಮಾನವೇ ಅದನ್ನು ಕೊಡುತ್ತದೆ.

ಇದು ಡ್ರ್ಯಾಗನ್, ಎಲ್ಫ್ ಇರುವ ಲೋಕ. ನಮ್ಮ ಕಾಸರಗೋಡಿನ ಗುಡ್ಡ ತಂದು ಹಾಕಿದರೆ ಒಗ್ಗುತ್ತದಾ?

ಚೆನ್ನಾಗಿ ಒಗ್ಗುತ್ತದೆ. ಹಿಮ ಬೀಳುವ ಪೈನ್ ಕಾಡನ್ನು ಕಾಣದೆ ವರ್ಣಿಸುವುದಕ್ಕಿಂತ, ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಕಂಡು ವರ್ಣಿಸುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ. ಇದೇ ಜಿಲ್ಲೆಯ ಹೊಸದುರ್ಗದ (ಕಾಞಂಗಾಡಿನ) ನಿತ್ಯಾನಂದಾಶ್ರಮದಲ್ಲಿ ಮುರಕಲ್ಲನ್ನು ಕೊರೆದು ಮಾಡಿದ ಗುಹೆಗಳನ್ನು ನೋಡಿದವರಿಗೆ, ಈ ಕಲ್ಲಿನೊಳಗೆ ಸಾಧಕನೊಬ್ಬ ಕುಳಿತಿರುವುದು ಎಷ್ಟು ಸಹಜವೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನಮ್ಮ ಕಡೆಯ ನಿಜವಾದ ಕೊಡುಗೆ ನೀರಿನ ಸುರಂಗ. ಈ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೂ ಬಹುಪಾಲು ನೀರು ಇಳಿಜಾರಿನಲ್ಲಿ ಹರಿದು ಸಮುದ್ರ ಸೇರುವುದರಿಂದ ಬೇಸಗೆಯಲ್ಲಿ ಗುಡ್ಡದ ತೋಟಗಳಿಗೆ ನೀರಿಗೆ ಪರದಾಟ. ಅದಕ್ಕಾಗಿ ಬಾಯಾರು, ಪಡ್ರೆಯಂಥ ಊರುಗಳಲ್ಲಿ ಹಿಂದಿನವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಒಳಗೋಡೆಯಿಂದ ಜಿನುಗುವ ನೀರು ಇಳಿಜಾರಿನಲ್ಲಿ ತಾನಾಗಿ ಹೊರಗೆ ಹರಿದು ಮದಕದಲ್ಲೋ ಟ್ಯಾಂಕಿಯಲ್ಲೋ ತುಂಬುವಂತೆ ಮಾಡಿದರು. ಆಳೆತ್ತರ, ಎರಡಡಿಯ ಆಸುಪಾಸಿನ ಅಗಲ, ಉದ್ದ ಕೆಲವು ಮೀಟರಿನಿಂದ ಹಿಡಿದು ನೂರಾರು ಮೀಟರಿನವರೆಗೆ. ಪಿಕ್ಕಾಸು ಬೀಸಲು ಬೇಕಾದಷ್ಟೇ ಜಾಗ.

ಇದನ್ನು ನಿಯಮಕ್ಕೆ ಇಳಿಸಿ ನೋಡಿ. ತಂಡ ಸಾಲಾಗಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಮುಂದಿನವನಿಗೆ ಮಾತ್ರ ಮುನಿಯ ಮುಖ ಕಾಣುತ್ತದೆ, ಹಿಂದಿನವರಿಗೆ ಕೇಳಿಸುವುದು ಪ್ರತಿಧ್ವನಿ. ಇಕ್ಕಟ್ಟಿನಲ್ಲಿ ಒತ್ತಿಕೊಂಡು ಸಾಗುವ ನಿಯಮವನ್ನು ಅನ್ವಯಿಸಿದರೆ ಪ್ರತಿ ಅಡಿಗೆ ಇನ್ನೊಂದು ಅಡಿಯ ನಡಿಗೆ ಹೆಚ್ಚು ಖರ್ಚು, ಹಾಗೆ ಸಾಗುವವನು ಹೊಡೆಯುವ ದಾಳಕ್ಕೆ ಡಿಸ್‌ಅಡ್ವಾಂಟೇಜ್, ಅವನ ಮೇಲೆ ಬರುವ ಹೊಡೆತಕ್ಕೆ ಅಡ್ವಾಂಟೇಜ್ (20 ಮುಖದ ದಾಳವನ್ನು ಎರಡು ಸಲ ಹಾಕಿ, ಮೊದಲನೆಯದರಲ್ಲಿ ಕಡಿಮೆ ಅಂಕಿಯನ್ನು, ಎರಡನೆಯದರಲ್ಲಿ ಹೆಚ್ಚಿನ ಅಂಕಿಯನ್ನು ಎಣಿಸುತ್ತಾರೆ). ಸುರಂಗದ ಆಳದಲ್ಲಿ ದೀಪ ಮಂಕಾಗತೊಡಗಿತೆಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಮುನಿ ಮಾತಾಡುತ್ತಿರುವಾಗಲೇ ಬತ್ತಿ ಸಣ್ಣದಾಗುತ್ತ ಹೋದರೆ ಆಟಗಾರರು ಪ್ರಶ್ನೆಗಳನ್ನು ಆರಿಸಿ ಕೇಳಲು ಕಲಿಯುತ್ತಾರೆ. ಲೋಕದಲ್ಲಿ ಡ್ರ್ಯಾಗನ್ ಇದೆಯೆಂಬ ಕಾರಣಕ್ಕೆ ಈ ಸುರಂಗದಲ್ಲಿ ಅದು ಇರಬೇಕಾಗಿಲ್ಲ.

## ಪಾತ್ರ ಮತ್ತು ಮಾತು

ಕಾಡಿನೊಳಗೆ ಒಬ್ಬನೇ ಇರುವವ ತಿನ್ನುವುದು ಎಂತ? ಅದನ್ನೆಲ್ಲ ಯೋಚಿಸಬೇಕಾ, ಫ್ಯಾಂಟಸಿ ಅಲ್ವಾ?

ಯೋಚಿಸಬೇಕು. ಇಡೀ ಭೇಟಿಯ ಕೀಲಿಕೈ ಹೆಚ್ಚಿನ ಸಲ ಇಲ್ಲಿಯೇ ಸಿಗುತ್ತದೆ. ಗುಡ್ಡ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ಎರಡು ಸಾಲು ಬರೆಯಿರಿ. ಕೆಸು, ಕಣಿಲೆ, ಹಲಸು, ಕಾಡುಮಾವು, ಪುನರ್ಪುಳಿ, ಜೇನು ಇವೆಲ್ಲ ಸಿಗುತ್ತವೆ. ದೀಪಕ್ಕೆ ಹೊನ್ನೆಕಾಯಿಯ ಎಣ್ಣೆಯನ್ನೂ ತೆಗೆದುಕೊಳ್ಳಬಹುದು. ಉಪ್ಪು ಸಿಗುವುದಿಲ್ಲ. ಕಬ್ಬಿಣ ಸಿಗುವುದಿಲ್ಲ. ಅಂದ ಮೇಲೆ ಯಾರೋ ಉಪ್ಪು ತಂದುಕೊಡುತ್ತಿದ್ದಾರೆ, ಯಾರೋ ಪಿಕ್ಕಾಸನ್ನು ಹರಿತ ಮಾಡಿಸಿಕೊಡುತ್ತಿದ್ದಾರೆ. ಏಕಾಂತವಾಸಿ ಎಂದು ಊರು ಕರೆಯುವ ಮನುಷ್ಯ ನಿಜಕ್ಕೂ ಒಂಟಿಯಲ್ಲ, ಅವನನ್ನು ಬದುಕಿಸಿಟ್ಟ ಒಂದು ಕೈ ಊರಿನಲ್ಲೇ ಇದೆ. ಆ ಕೈ ಯಾರದು?

ಈ ಒಂದು ಪ್ರಶ್ನೆಯಿಂದ ಎರಡನೆಯ ಪಾತ್ರ ಹುಟ್ಟುತ್ತದೆ, ಭೇಟಿಗೆ ಮುಂಚಿನ ಸುಳಿವು ಹುಟ್ಟುತ್ತದೆ, ಭೇಟಿಯ ನಂತರದ ಪರಿಣಾಮವೂ ಹುಟ್ಟುತ್ತದೆ. ನಮ್ಮ ಮನೆಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಮಳೆಗಾಲಕ್ಕೆ ಇಡುತ್ತಾರಲ್ಲ, ಅಂಥ ಉಪ್ಪುಸೊಳೆಯ ಭರಣಿ ಒಂದನ್ನು ಮೇಸ್ತ್ರಿಯ ಗುಹೆಯ ಮೂಲೆಯಲ್ಲಿ ಇಟ್ಟುಬಿಡಿ. ಅದನ್ನು ಕಂಡ ಚುರುಕಿನ ಆಟಗಾರ ಲೆಕ್ಕ ಹಾಕುತ್ತಾನೆ: ಮಳೆ ಹಿಡಿಯುವ ಮೊದಲು ಸೇರುಗಟ್ಟಲೆ ಉಪ್ಪು ಇಲ್ಲಿಗೆ ಬಂದಿದೆ, ಇಷ್ಟನ್ನು ಹೊತ್ತು ಈ ಏರು ಹತ್ತಿದವರು ದಾರಿ ಬಲ್ಲವರು, ಇವನ ಮೇಲೆ ಅಕ್ಕರೆಯುಳ್ಳವರು. ತಂದವಳು ಸುರಂಗದೊಳಗೆ ಸತ್ತ ಕೆಲಸಗಾರನೊಬ್ಬನ ಮಗಳು, ಮತ್ತು ಆಕೆಗೆ ಮೇಸ್ತ್ರಿ ಮಾಡಿದ್ದು ಗೊತ್ತಿಲ್ಲ ಎಂದಿಟ್ಟುಕೊಳ್ಳಿ; ಮಾಂತ್ರಿಕ ಬೆಂಕಿ, ಗಾಳಿಯಲ್ಲಿ ತೇಲುವ ಆಸನ ಯಾವುದೂ ಕೊಡಲಾರದ ಬಿಗಿ ಆ ಭರಣಿಗೆ ಬರುತ್ತದೆ.

ಅವನು ಒಗಟಿನಲ್ಲೇ ಮಾತಾಡಬೇಕಾ? ನನಗೆ ಒಗಟು ಕಟ್ಟಲು ಬರುವುದಿಲ್ಲ.

ಒಗಟು ಕಟ್ಟುವ ಗೋಜಿಗೆ ಹೋಗಬೇಡಿ. ಪ್ರತಿ ಪ್ರಶ್ನೆಗೂ ಸುತ್ತಿ ಬಳಸಿ ಉತ್ತರಿಸುವ ಮುನಿಯಿಂದ ಆಟಗಾರರಿಗೆ ಕಿರಿಕಿರಿಯಾಗುತ್ತದೆ. ಎಲ್ಲ ವಿಷಯದಲ್ಲೂ ನೇರವಾಗಿ, ತುಸು ಒರಟಾಗಿಯೇ ಮಾತಾಡುವ ಮನುಷ್ಯ ಒಂದೇ ಒಂದು ವಿಷಯ ಬಂದಾಗ ಕೆಲಸಕ್ಕೆ ಎದ್ದುಹೋದರೆ, ಗುಟ್ಟು ಎಲ್ಲಿದೆಯೆಂದು ಎಲ್ಲರಿಗೂ ತಿಳಿಯುತ್ತದೆ. ಏನೆಂದು ಮಾತ್ರ ತಿಳಿಯುವುದಿಲ್ಲ.

ಆ "ಏನು" ಎಂಬುದನ್ನು ತಂಡ ತಲುಪಲೇಬೇಕಾಗಿದ್ದರೆ ಅದಕ್ಕೆ ಕನಿಷ್ಠ ಮೂರು ಸುಳಿವುಗಳನ್ನು ಬೇರೆ ಬೇರೆ ಕಡೆ ಇಡುವುದು ಆಟ ನಡೆಸುವವರ ನಡುವೆ ಚಾಲ್ತಿಯಲ್ಲಿರುವ ಒಳ್ಳೆಯ ರೂಢಿ. ಒಂದನ್ನು ಆಟಗಾರರು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ. ಮೇಸ್ತ್ರಿಯ ಮಟ್ಟಿಗೆ ಆ ಮೂರು ಹೀಗಿರಬಹುದು: ಗುಹೆಯ ಗೋಡೆಯಲ್ಲಿ ಕೆತ್ತಿದ ಗುರುತು ಕೋಟೆಯ ಕಲ್ಲಿನಲ್ಲಿ ಕಂಡ ಗುರುತೇ ಆಗಿರುವುದು, ಜಡಿಮಳೆಯಲ್ಲೂ ಆತ ಸುರಂಗದೊಳಗೆ ಮಲಗದಿರುವುದು, ದಿನವೂ ಊಟಕ್ಕೆ ಮೊದಲು ಆರು ಎಲೆ ಹಾಕಿ ಐದನ್ನು ಖಾಲಿ ಬಿಡುವುದು. ಇವುಗಳಲ್ಲಿ ಯಾವುದನ್ನೂ ಮುನಿ ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂಬುದನ್ನು ಗಮನಿಸಿ.

ಗ್ರಾಂಥಿಕ ಕನ್ನಡ ಆಡಿದರೆ ಹುಡುಗರು ನಗುತ್ತಾರೆ, ಮನೆಮಾತು ಆಡಿದರೆ ಮುನಿ ಅಂತ ಅನ್ನಿಸುವುದಿಲ್ಲ. ಹೇಗೆ ಮಾತಾಡಿಸುವುದು?

ಈ ನೆಲದಲ್ಲಿ ಇದಕ್ಕೆ ಉತ್ತರ ತಾಳಮದ್ದಳೆಯಲ್ಲೇ ಇದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಆಮೇಲೆ ಕುಳಿತಲ್ಲೇ ಆ ಕ್ಷಣಕ್ಕೆ ಹುಟ್ಟುವ ಅರ್ಥ, ಅಂದರೆ ಪಾತ್ರದ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಗ್ರಾಂಥಿಕ ಮಾತಿಗೆ ಯಾರೂ ನಗಲಿಲ್ಲ, ಏಕೆಂದರೆ ಅಲ್ಲಿ ಪ್ರತಿ ವಾಕ್ಯ ಎದುರಾಳಿಯ ವಾಕ್ಯಕ್ಕೆ ಉತ್ತರವಾಗಿತ್ತು. ನಗು ಬರುವುದು ತೂಕದ ಪದಗಳು ಬರಿದೇ ತೇಲಾಡಿದಾಗ. ಆದ್ದರಿಂದ ಗ್ರಾಂಥಿಕವೋ ಆಡುಮಾತೋ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಆಟಗಾರ ಈಗಷ್ಟೇ ಹೇಳಿದ ಮಾತಿನ ಒಂದು ಎಳೆಯನ್ನು ಹಿಡಿದು ಉತ್ತರಿಸಿ. "ನಾವು ಧರ್ಮಕ್ಕಾಗಿ ಬಂದಿದ್ದೇವೆ" ಎಂದು ಅವರು ಹೇಳಿದರೆ "ನಿಮ್ಮ ಕೂಲಿ ಎಷ್ಟು?" ಎಂದು ಮೇಸ್ತ್ರಿ ಕೇಳಲಿ.

ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಬಲ್ಲವರು ಒಂದೇ ಮೇಜಿನಲ್ಲಿ ಇರುವುದು ಇಲ್ಲಿ ಸಾಮಾನ್ಯವಾದ್ದರಿಂದ, ಮುನಿ ಒಬ್ಬೊಬ್ಬರೊಡನೆ ಅವರವರ ಮನೆಮಾತಿನಲ್ಲಿ ಒಂದೊಂದು ವಾಕ್ಯ ಆಡಿದರೆ, ಇವನಿಗೆ ನಮ್ಮ ಬಗ್ಗೆ ಹೇಗೆ ಗೊತ್ತು ಎಂಬ ಸಣ್ಣ ನಡುಕ ಹುಟ್ಟುತ್ತದೆ. ಒಂದು ಎಚ್ಚರಿಕೆಯೂ ಬೇಕು: ತಂಡದಲ್ಲಿ ತಾಳಮದ್ದಳೆಯ ಹವ್ಯಾಸಿ ಇದ್ದರೆ ಅವರೂ ಮುನಿಯೂ ವಾದಕ್ಕಿಳಿದು ಗಂಟೆಗಟ್ಟಲೆ ಹೊತ್ತು ಹೋಗಿ, ಉಳಿದವರು ಚಹಾ ಕುಡಿದು ಮೊಬೈಲ್ ತೆಗೆಯುತ್ತಾರೆ.

ಮಾತೇ ಆಡದ ಮೌನಿಯನ್ನು ಆಡಿಸಲು ಆಗುತ್ತದಾ?

ಆಗುತ್ತದೆ, ಮತ್ತು ಅದಕ್ಕೆ ಕನ್ನಡದಲ್ಲೇ ಮೇಲ್ಪಂಕ್ತಿ ಇದೆ. ಹರಿಹರ ಕವಿ ಹೇಳುವ ಅಲ್ಲಮನ ಕಥೆಯಲ್ಲಿ, ಪ್ರಿಯೆಯನ್ನು ಕಳೆದುಕೊಂಡ ದುಃಖದಲ್ಲಿ ಕುಳಿತವನ ಕಾಲುಗುರು ನೆಲ ಕೆದಕುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆದು ಬಾಗಿಲು ತೆರೆದು ಒಳಹೊಕ್ಕರೆ ರೆಪ್ಪೆ ಮಿಟುಕಿಸದೆ ಕುಳಿತ ಅನಿಮಿಷಯ್ಯ, ಅವನ ಕೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈ ಸೇರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ಒಂದು ಮಾತಿನ ವಿನಿಮಯವೂ ಇಲ್ಲ, ಆದರೂ ಒಳಹೊಕ್ಕವನು ಬೇರೆಯವನಾಗಿ ಹೊರಬರುತ್ತಾನೆ.

ಭೇಟಿ ಹೆಣೆಯುವವರು ಇದರಿಂದ ತೆಗೆದುಕೊಳ್ಳಬೇಕಾದ್ದು ಮೌನವನ್ನಲ್ಲ, ಅದರ ಕಟ್ಟೋಣವನ್ನು. ದಾರಿ ಕಂಡದ್ದು ನಾಯಕನ ಸ್ವಂತ ನೋವಿನಿಂದ. ಒಳಗೆ ಹೋಗಲು ಅವನೇ ಶ್ರಮಪಡಬೇಕಾಯಿತು. ಸಿಕ್ಕಿದ ವಸ್ತು ಒಂದೇ. ಅದನ್ನು ಪಡೆದದ್ದಕ್ಕೆ ಒಂದು ಜೀವದ ಬೆಲೆ ತೆರಬೇಕಾಯಿತು. ನಿಮ್ಮ ಮೌನಿಯ ಕೈಯಲ್ಲಿ ಒಂದು ವಸ್ತು, ಸುತ್ತ ಮೂರು ನಾಲ್ಕು ಕುರುಹು, ಮುಟ್ಟಿದರೆ ಏನಾಗಬಹುದೆಂಬ ಒಂದು ಅನುಮಾನ ಇಷ್ಟಿದ್ದರೆ ಆಟಗಾರರೇ ತಮ್ಮ ತಮ್ಮೊಳಗೆ ಮಾತಾಡಿ ದೃಶ್ಯವನ್ನು ತುಂಬುತ್ತಾರೆ. ನೀವು ಸುಮ್ಮನಿರಲು ಕಲಿಯಬೇಕು, ಕಷ್ಟ ಇರುವುದು ಅಲ್ಲಿ.

## ದಾಳ, ಕತ್ತಿ, ಹೊತ್ತು

ಒಬ್ಬ ಪರ್ಸುವೇಷನ್‌ಗೆ 20 ಹಾಕಿದ. ಮುನಿ ಎಲ್ಲ ಗುಟ್ಟೂ ಹೇಳಿಬಿಡಬೇಕಾ?

ಬೇಕಾಗಿಲ್ಲ. ಐದನೆಯ ಆವೃತ್ತಿಯ 2014ರ ನಿಯಮದಲ್ಲಿ ದಾಳದ ಮೇಲೆ 20 ಬಿದ್ದರೆ ತಾನಾಗಿ ಗೆಲುವು ಎಂಬುದು ಹೊಡೆದಾಟದ ದಾಳಕ್ಕೆ ಮಾತ್ರ ಅನ್ವಯಿಸುತ್ತದೆ; ಪರ್ಸುವೇಷನ್‌ನಂಥ (ಮಾತಿನಿಂದ ಒಲಿಸುವ) ಕೌಶಲದ ಪರೀಕ್ಷೆಗೆ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಜೀವಮಾನದ ಗುಟ್ಟನ್ನು ಒಂದು ದಾಳಕ್ಕೆ ಒತ್ತೆ ಇಡಬಾರದು. ದಾಳ ಬಾಗಿಲು ತೆರೆಯಲಿ, ಒಳಗೆ ಕರೆದೊಯ್ಯುವುದು ಆಟಗಾರರ ನಡೆಯಾಗಲಿ.

ಲೆಕ್ಕ ಬೇಕಾದವರಿಗೆ: 20 ಮುಖದ ದಾಳದ ಅಂಕಿಗೆ ಪಾತ್ರದ ಬೋನಸ್ ಕೂಡಿಸಿ ಮುಟ್ಟಬೇಕಾದ ಗುರಿ ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20 ಎಂಬುದು ನಿಯಮದ ಅಳತೆ. ಯಾವ ಬೋನಸ್ಸೂ ಇಲ್ಲದವನು 15 ಮುಟ್ಟುವ ಸಂಭವ 30%, +5 ಇರುವವನಿಗೆ 55%. ಅಂದರೆ ಮಾತಿನಲ್ಲಿ ಪಳಗಿದ ಪಾತ್ರವೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ಸೋಲುತ್ತದೆ. ಇಡೀ ಕಥೆ ಆ ಉತ್ತರದ ಮೇಲೆ ನಿಂತಿದ್ದರೆ ಆ ಅರ್ಧದಲ್ಲಿ ನೀವು ಸಿಕ್ಕಿಬೀಳುತ್ತೀರಿ. ಮೇಸ್ತ್ರಿಯ ಎದುರು 15 ಮುಟ್ಟಿದವರಿಗೆ "ಇವನಿಗೆ ಕೋಟೆಯ ಮಾತು ಬೇಡ, ಸತ್ತವರ ಮಾತು ಬೇಕು" ಎಂಬ ಅರಿವು ಸಿಗಲಿ. ಮುಟ್ಟದವರಿಗೂ ಅದೇ ಅರಿವು ಸಿಗಲಿ, ಆದರೆ ಅವನು ಸಿಟ್ಟಿನಿಂದ ದೀಪ ಆರಿಸಿದ ಮೇಲೆ.

ಮುನಿಯ ಮನಸ್ಸು ಹೇಗೆ ಉಂಟು ಅಂತ ಮೊದಲೇ ಬರೆದಿಡುವುದಾ, ದಾಳಕ್ಕೆ ಬಿಡುವುದಾ?

ಕಥೆಗೆ ಬೇಕಾದ ಮುನಿಯಾದರೆ ಬರೆದಿಡಿ. ದಾರಿಯಲ್ಲಿ ಆಕಸ್ಮಿಕವಾಗಿ ಸಿಗುವವನಾದರೆ ಹಳೆಯ ಪದ್ಧತಿ ಚೆನ್ನಾಗಿದೆ: 1974ರ ಮೂಲ ಆಟದಲ್ಲಿ ಎದುರಾದವರ ಪ್ರತಿಕ್ರಿಯೆಗೆ ಎರಡು ಆರುಮುಖದ ದಾಳ ಹಾಕುತ್ತಿದ್ದರು, 2ರಿಂದ 5 ಪ್ರತಿಕೂಲ, 6ರಿಂದ 8 ಅನಿಶ್ಚಿತ, 9ರಿಂದ 12 ಅನುಕೂಲ. ಎರಡು ದಾಳ ಕೂಡಿದಾಗ ನಡುವಿನ ಅಂಕಿಗಳೇ ಹೆಚ್ಚು ಬೀಳುವುದರಿಂದ 36ರಲ್ಲಿ 16 ಸಲ ಉತ್ತರ "ಅನಿಶ್ಚಿತ". ನಿಗೂಢ ಮುನಿಗೆ ಇದಕ್ಕಿಂತ ಹೊಂದುವ ಕೋಷ್ಟಕ ಇಲ್ಲ.

ನಮ್ಮವರು ಯಾರನ್ನು ಕಂಡರೂ ಮೊದಲು ಕತ್ತಿ ಹಿರಿಯುತ್ತಾರೆ. ಮುನಿಯನ್ನು ಕಡಿದೇಬಿಟ್ಟರೆ ಎಂತ ಮಾಡುವುದು?

ಮೂರು ದಾರಿಗಳಿವೆ, ಮೊದಲೆರಡು ನಮ್ಮ ಪರಂಪರೆಯ ಒಂದೇ ಪ್ರಸಂಗದಲ್ಲಿ ಸಿಗುತ್ತವೆ. ಅಲ್ಲಮ ಮತ್ತು ಗೋರಕ್ಷರು ಎದುರಾದಾಗ ಗೋರಕ್ಷನ ಮೈಗೆ ಬೀಸಿದ ಕತ್ತಿ ಖಣಿಲ್ಲೆಂದು ಸದ್ದು ಮಾಡಿ ನಿಲ್ಲುತ್ತದೆ. ಅಲ್ಲಮನ ಮೇಲೆ ಬೀಸಿದ್ದು ಬಯಲನ್ನು ಸೀಳಿದಂತೆ ಹಾದುಹೋಗುತ್ತದೆ. ಒಂದು ಗಟ್ಟಿತನ, ಇನ್ನೊಂದು ಇಲ್ಲದಿರುವಿಕೆ. ಆಟದ ನಿಯಮದಲ್ಲಿ ಮೊದಲನೆಯದು ಆಯುಧದ ಏಟಿಗೆ ಇಮ್ಯೂನಿಟಿ, ಅಂದರೆ ತಾಗಿದರೂ ಗಾಯವಾಗದ ಗುಣ. ಎರಡನೆಯದನ್ನು ಯಾವ ಏಟೂ ತಾಗದ ನೆರಳಿನ ದೇಹವೆಂದು ನಿರ್ವಹಿಸಬಹುದು. ಎರಡರಲ್ಲಿ ಬಯಲಿನದ್ದೇ ಹೆಚ್ಚು ಭಯ ಹುಟ್ಟಿಸುತ್ತದೆ, ಏಕೆಂದರೆ ಗಟ್ಟಿ ಮೈ ಕಂಡ ಆಟಗಾರ ಇನ್ನೂ ಜೋರಾಗಿ ಹೊಡೆಯುವ ಉಪಾಯ ಹುಡುಕುತ್ತಾನೆ, ಬಯಲನ್ನು ಕಂಡವನಿಗೆ ಹುಡುಕಲು ಏನೂ ಉಳಿದಿರುವುದಿಲ್ಲ.

ನನ್ನ ಒಲವು ಮೂರನೆಯದರ ಕಡೆಗೆ. ಮುನಿ ಸಾಮಾನ್ಯ ಮನುಷ್ಯನೇ ಆಗಿರಲಿ. ನಿಯಮದ ಪ್ರಕಾರ ಸಾಮಾನ್ಯನೊಬ್ಬನಿಗೆ 4 ಹಿಟ್ ಪಾಯಿಂಟ್ (ಜೀವಬಲ), ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕಿ) 10. ಒಂದೇ ಏಟಿಗೆ ಬೀಳುತ್ತಾನೆ. ಅವನನ್ನು ಉಳಿಸಲು ನೀವು ಅಡ್ಡ ಬರಬೇಡಿ. ಕೋಟೆಯ ದಾರಿ ಅವನೊಂದಿಗೆ ಹೋಯಿತು, ಮತ್ತು ಮರುದಿನ ಬೆಳಗ್ಗೆ ಉಪ್ಪು ಹೊತ್ತವಳು ಏರು ಹತ್ತಿ ಬರುತ್ತಾಳೆ. ಆಗ ತಂಡ ಆಕೆಗೆ ಏನು ಹೇಳುತ್ತದೆ ಎಂಬುದೇ ಮುಂದಿನ ಭೇಟಿ. ಕತ್ತಿ ಹಿರಿಯುವ ಅಭ್ಯಾಸವನ್ನು ಉಪದೇಶದಿಂದ ಬಿಡಿಸಲು ಸಾಧ್ಯವಿಲ್ಲ, ಇಂಥ ಬೆಳಗಿನಿಂದ ಸ್ವಲ್ಪ ಮಟ್ಟಿಗೆ ಸಾಧ್ಯ.

ಅವರು ಮುನಿಯ ಹತ್ತಿರ ಹೋಗುವುದೇ ಇಲ್ಲ, ದಾರಿ ಬದಲಿಸಿ ಹೋಗುತ್ತಾರೆ.

ಹೋಗಲಿ. ಗುಡ್ಡದ ಬುಡದ ಕುಲುಮೆಯಲ್ಲಿ ಹರಿತಕ್ಕೆ ಬಂದ ಪಿಕ್ಕಾಸು ಒಂದು ಬಿದ್ದಿರಲಿ. ಆಸಕ್ತಿ ಹುಟ್ಟಿದರೆ ತಾವಾಗಿ ಬರುತ್ತಾರೆ. ಎಳೆದುಕೊಂಡು ಹೋದ ಭೇಟಿಯಲ್ಲಿ ಯಾವ ನಿಗೂಢತೆಯೂ ಇರುವುದಿಲ್ಲ.

ಎಷ್ಟು ಹೊತ್ತು ನಡೆಸುವುದು?

ಮೂರು ಗಂಟೆಯ ಸೆಷನ್‌ನಲ್ಲಿ ಮುನಿಯೊಡನೆ ಮುಖಾಮುಖಿ ಮಾತು 30 ನಿಮಿಷ ದಾಟದಿದ್ದರೆ ಒಳ್ಳೆಯದು. ಅವನನ್ನು ತಲುಪುವುದಕ್ಕೆ ಮತ್ತು ಅವನ ಜಾಗವನ್ನು ನೋಡುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಕೊಡಬಹುದು.

## ಪಳಗಿದವರು ಕೇಳುವವು

ಕೊನೆಗೆ ಮುನಿ ಎಂತ ಕೊಡಬೇಕು? ಮ್ಯಾಜಿಕ್ ಕತ್ತಿ ಕೊಟ್ಟರೆ ಅಂಗಡಿಯಲ್ಲಿ ತೆಗೆದುಕೊಂಡ ಹಾಗೆ ಆಗುತ್ತದೆ.

ಷರತ್ತು ಇರುವ ವಸ್ತುವನ್ನು ಕೊಡಿ. ಕುಂಬಳೆಯ ಹತ್ತಿರದ ಅನಂತಪುರ ಸರೋವರ ಕ್ಷೇತ್ರದ ಐತಿಹ್ಯವನ್ನು ಇಲ್ಲಿ ನೆನೆಯಬೇಕು. ಅಲ್ಲಿ ತಪಸ್ಸು ಮಾಡುತ್ತಿದ್ದ ಬಿಲ್ವಮಂಗಲ ಮುನಿಯ ಬಳಿಗೆ ಒಬ್ಬ ಬಾಲಕ ಬರುತ್ತಾನೆ. ತನಗೆ ಅವಮಾನವಾದ ದಿನ ಹೊರಟುಹೋಗುತ್ತೇನೆ ಎಂಬ ಒಪ್ಪಂದದ ಮೇಲೆ ಉಳಿದು ಸೇವೆ ಮಾಡುತ್ತಾನೆ. ಬಾಲಕನ ಕೀಟಲೆ ಮಿತಿ ಮೀರಿದಾಗ ಮುನಿ ತಾಳ್ಮೆಗೆಟ್ಟು ಅವನನ್ನು ತಳ್ಳುತ್ತಾನೆ, ಬಾಲಕ ಗುಹೆಯೊಳಗೆ ಮಾಯವಾಗುತ್ತಾನೆ. ಬಂದವನು ಸಾಮಾನ್ಯನಲ್ಲ ಎಂದು ಆಮೇಲೆ ತಿಳಿದ ಮುನಿ ಅದೇ ಗುಹೆಯ ದಾರಿ ಹಿಡಿದು ತಿರುವನಂತಪುರದವರೆಗೂ ಅರಸಿ ಹೋದನೆಂದು ಕಥೆ.

ಈ ಕಥೆಯಲ್ಲಿ ನಿಗೂಢನಾದವನು ಏಕಾಂತವಾಸಿಯಲ್ಲ, ಅವನ ಬಳಿಗೆ ಬಂದವನು. ಪಳಗಿದ ತಂಡಕ್ಕೆ ಈ ತಿರುವನ್ನೇ ಪ್ರಯೋಗಿಸಬಹುದು. ಆದರೆ ವಿನ್ಯಾಸದ ದೃಷ್ಟಿಯಿಂದ ಗಮನಿಸಬೇಕಾದದ್ದು ಷರತ್ತಿನ ಗುಣ: ಅದು ಸರಳ, ಎಲ್ಲರ ಎದುರು ಹೇಳಿದ್ದು, ಮುರಿಯುವುದು ಮನುಷ್ಯ ಸ್ವಭಾವಕ್ಕೆ ಅತಿ ಸುಲಭ. ಮೇಸ್ತ್ರಿ ಕೋಟೆಯ ದಾರಿ ಹೇಳುವಾಗ "ಒಳಗೆ ಸಿಗುವ ಎಲುಬುಗಳನ್ನು ದಾಟಿ ಹೋಗಬಾರದು, ಹೊರಗೆ ತರಬೇಕು" ಎಂದು ಮಾತು ತೆಗೆದುಕೊಳ್ಳಲಿ. ಹಿಂದಿನಿಂದ ಕಾವಲುಗಾರರು ಅಟ್ಟಿಸಿಕೊಂಡು ಬರುತ್ತಿರುವಾಗ ಐದು ಜನರ ಎಲುಬು ಹೊರುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ.

ನಮ್ಮ ತಂಡದಲ್ಲೇ ಹರ್ಮಿಟ್ ಬ್ಯಾಕ್‌ಗ್ರೌಂಡ್ ಇರುವ ಪಾತ್ರ ಒಂದು ಉಂಟು. ಮುನಿ ಎದುರಾದರೆ ಇಬ್ಬರಿಗೂ ಬೆಲೆ ಇಲ್ಲದ ಹಾಗೆ ಆಗುವುದಿಲ್ಲವಾ?

ಸರಿಯಾಗಿ ಬಳಸಿದರೆ ಇಬ್ಬರಿಗೂ ಬೆಲೆ ಹೆಚ್ಚುತ್ತದೆ. 2014ರ ನಿಯಮದಲ್ಲಿ ಹರ್ಮಿಟ್, ಅಂದರೆ ಏಕಾಂತವಾಸಿ ಎಂಬ ಹಿನ್ನೆಲೆಯನ್ನು (ಆಟಕ್ಕೆ ಮುಂಚಿನ ಬದುಕನ್ನು) ಆರಿಸಿಕೊಂಡ ಪಾತ್ರಕ್ಕೆ ಮೆಡಿಸಿನ್, ರಿಲಿಜನ್ ಎಂಬ ಎರಡು ಕೌಶಲಗಳು, ಗಿಡಮೂಲಿಕೆಯ ಸಲಕರಣೆ, ಜೊತೆಗೆ ಡಿಸ್ಕವರಿ ಎಂಬ ವಿಶೇಷ ಬರುತ್ತದೆ. ಏಕಾಂತದಲ್ಲಿ ಆ ಪಾತ್ರ ಕಂಡುಕೊಂಡ ಒಂದು ದೊಡ್ಡ ಸತ್ಯ ಅದು, ಏನೆಂಬುದನ್ನು ಆಟಗಾರ ಮತ್ತು ಆಟ ನಡೆಸುವವರು ಕೂಡಿ ನಿಶ್ಚಯಿಸುತ್ತಾರೆ. ಹೆಚ್ಚಿನ ಕಡೆ ಇದನ್ನು ಕ್ಯಾರೆಕ್ಟರ್ ಶೀಟಿನಲ್ಲಿ ಬರೆದು ಎಲ್ಲರೂ ಮರೆತುಬಿಡುತ್ತಾರೆ.

ಮುನಿಯ ಭೇಟಿಯಲ್ಲಿ ಅದನ್ನು ಹೊರತೆಗೆಯಿರಿ. ಆಟಗಾರನ ಸತ್ಯವನ್ನು ಮುನಿ ಮೊದಲೇ ಬಲ್ಲವನಂತೆ ಹೇಳಿಬಿಡಬಾರದು, ಅದು ಆಟಗಾರನ ಸೊತ್ತು. ಬದಲಿಗೆ ಇಬ್ಬರ ಕಾಣ್ಕೆಗಳು ಒಂದಕ್ಕೊಂದು ಅಡ್ಡ ಬರಲಿ: "ದೇವರು ಮೌನವಾಗಿದ್ದಾನೆ" ಎಂದು ಇವನು ಕಂಡಿದ್ದರೆ, "ಸತ್ತವರು ಮೌನವಾಗಿಲ್ಲ" ಎಂದು ಮೇಸ್ತ್ರಿ ಹೇಳಲಿ. ಭೇಟಿಗೆ ಮುಂಚೆ ಆ ಆಟಗಾರನಿಗೆ ಒಂದು ಚೀಟಿ ಕೊಟ್ಟು, ಒಂಟಿಯಾಗಿ ಬದುಕಿದವನಿಗೆ ಮಾತ್ರ ಕಾಣಿಸುವ ಒಂದು ವಿವರವನ್ನು ಅದರಲ್ಲಿ ತಿಳಿಸಿ. ಒಬ್ಬನೇ ಇರುವವನ ಒಲೆಯ ಬಳಿ ಎರಡು ಮಣೆ ಏಕಿದೆ ಎಂದು ಉಳಿದವರು ಕೇಳುವುದಿಲ್ಲ, ಅವನು ಕೇಳುತ್ತಾನೆ.

ದೈವ, ಭೂತ, ತೆಯ್ಯಂ ಇದನ್ನೆಲ್ಲ ಮುನಿಯ ಕಥೆಗೆ ಸೇರಿಸಬಹುದಾ?

ನೇರವಾಗಿ ಸೇರಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈ ಊರಿನಲ್ಲಿ ದೈವದ ನುಡಿ ಎಂಬುದು ಕುಟುಂಬಗಳು ಇಂದಿಗೂ ತಮ್ಮ ವ್ಯಾಜ್ಯ, ಕಾಯಿಲೆ, ಮದುವೆಯ ವಿಷಯ ಒಪ್ಪಿಸಿ ಕೇಳುವ ಮಾತು. ಅದನ್ನು ದಾಳದ ಫಲವಾಗಿ ಮಾಡಿದರೆ ಮೇಜಿನ ಎದುರು ಕುಳಿತವರ ಮನೆಯ ನಂಬಿಕೆಯನ್ನು ಆಟದ ಸಾಮಾನು ಮಾಡಿದಂತಾಗುತ್ತದೆ. ನಿಜವಾದ ದೈವದ ಹೆಸರು, ಬಣ್ಣ, ಅಣಿ, ನುಡಿಗಟ್ಟು ಬೇಡ. ದರ್ಗಾ, ಇಗರ್ಜಿಗಳ ಸಂತರ ವಿಷಯದಲ್ಲಿಯೂ ಇದೇ ಮಾತು.

ರಚನೆಯನ್ನು ಮಾತ್ರ ತೆಗೆದುಕೊಂಡು ಹೆಸರು, ರೂಪ, ಪೂಜಾಕ್ರಮಗಳನ್ನು ಬದಲಿಸಿದರೆ ದೂರ ಸಾಕಷ್ಟಾಗುತ್ತದೆ. ಉದಾಹರಣೆಗೆ, ಅನಂತಪುರದ ಸರೋವರದಲ್ಲಿದ್ದು 2022ರ ಅಕ್ಟೋಬರ್‌ನಲ್ಲಿ ಸತ್ತ ಮೊಸಳೆ ಬಬಿಯ ಕ್ಷೇತ್ರದ ನೈವೇದ್ಯವನ್ನು ತಿನ್ನುತ್ತಿತ್ತೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಕೊಟ್ಟದ್ದನ್ನಷ್ಟೇ ತಿನ್ನುವ ಕಾವಲು ಪ್ರಾಣಿ ಎಂಬ ಕಲ್ಪನೆಯನ್ನು ಬೇರೆ ನೀರು, ಬೇರೆ ಪ್ರಾಣಿ, ಬೇರೆ ಪಂಥಕ್ಕೆ ಒಗ್ಗಿಸಬಹುದು. ತಂಡ ಅದಕ್ಕೆ ಏನನ್ನು ಕೊಡುತ್ತದೆ ಎಂಬುದರ ಮೇಲೆ ಮುನಿಯ ನೆಲೆಗೆ ದಾರಿ ಬಿಡುವುದು ಅಥವಾ ಬಿಡದಿರುವುದು ನಿಂತಿರಲಿ. ಆದರೂ ಆಟಕ್ಕೆ ಕುಳಿತುಕೊಳ್ಳುವ ಮೊದಲು ಒಂದು ಸಲ ಎಲ್ಲರನ್ನೂ ಕೇಳಿಬಿಡಿ, ಒಬ್ಬರು ಬೇಡವೆಂದರೂ ತೆಗೆದುಹಾಕಿ.

ತಂಡ ಎರಡನೇ ಸಲ ಗುಡ್ಡಕ್ಕೆ ಬಂದರೆ ಮುನಿ ಅಲ್ಲೇ ಇರಬೇಕಾ?

ಅದು ಮೊದಲ ಭೇಟಿಯಲ್ಲಿ ಅವರು ಏನು ಮಾಡಿದರು ಎಂಬುದನ್ನು ಅವಲಂಬಿಸಿದೆ. ಗುಟ್ಟು ಹೊರಬಿದ್ದ ಮೇಲೂ ಮುನಿ ಅದೇ ಭಂಗಿಯಲ್ಲಿ, ಅದೇ ಮಾತಿನಲ್ಲಿ ಕುಳಿತಿದ್ದರೆ ಆಟಗಾರರಿಗೆ ತಾವು ಮಾಡಿದ್ದು ಲೆಕ್ಕಕ್ಕಿಲ್ಲ ಎನ್ನಿಸುತ್ತದೆ. ಎಲುಬುಗಳನ್ನು ತಂದುಕೊಟ್ಟಿದ್ದರೆ ಮೇಸ್ತ್ರಿ ತೋಡುವುದನ್ನು ನಿಲ್ಲಿಸಿ ಗುಡ್ಡ ಇಳಿದಿರಬಹುದು; ಆಗ ಅವನು ಊರಿನಲ್ಲಿ ಕೂಲಿಗೆ ಗೋಡೆ ಕಟ್ಟುತ್ತ, ತಂಡವನ್ನು ಕಂಡರೂ ಗುರುತು ಹಿಡಿಯದವನಂತೆ ಇರುವ ಸಾಮಾನ್ಯ ಕೆಲಸಗಾರ. ಮಾತು ಮುರಿದಿದ್ದರೆ ಅವನು ಅಲ್ಲೇ ಇರುತ್ತಾನೆ, ಆದರೆ ಸುರಂಗದ ಬಾಯಿಗೆ ಒಳಗಿನಿಂದ ಕಲ್ಲು ಇಟ್ಟುಕೊಂಡಿರುತ್ತಾನೆ. ಉಪ್ಪು ತರುವವಳು ಹೊರಗೆ ಕುಳಿತು ತಂಡದವರ ಮುಖ ನೋಡುತ್ತಾಳೆ. ತಂಡಕ್ಕೆ ಅವನ ಗುಟ್ಟು ತಿಳಿಯದೆಯೇ ಹೋಗಿದ್ದರೆ ಸುರಂಗ ಇನ್ನಷ್ಟು ಉದ್ದವಾಗಿದೆ, ಅಷ್ಟೆ.

ಸೆಷನ್ ಮುಗಿದ ಕೂಡಲೇ ಈ ಮೂರರಲ್ಲಿ ಯಾವುದು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ, ಜೊತೆಗೆ ಆ ಸುದ್ದಿ ಊರಿಗೆ ಯಾರ ಬಾಯಿಂದ ತಲುಪುತ್ತದೆ ಎಂಬುದನ್ನೂ ಬರೆಯಿರಿ. ಹೆಚ್ಚಿನ ಸಲ ತಂಡ ಗುಡ್ಡಕ್ಕೆ ಮರಳಿ ಬರುವುದಿಲ್ಲ. ಆಗ ಕುಲುಮೆಯವನ ಒಂದು ಮಾತಿನಲ್ಲಿ ಆ ಸುದ್ದಿಯನ್ನು ಅವರ ಕಿವಿಗೆ ಹಾಕಿ ಮುಂದಿನ ಕೆಲಸಕ್ಕೆ ಹೋಗಬಹುದು.